ನಲ್ವತ್ತಕ್ಕೆ ನಾಲ್ಕು



ಮೊನ್ನೆ ನಮ್ಮ ಸಂಘದ ಸಭಾಗೃಹದಲ್ಲಿ ತಾಳಮದ್ದಳೆ ಇತ್ತು. ಪ್ರಸಂಗ ಕರ್ಣಪರ್ವ. ಒಳಗೆ ಕರ್ಣನಿಗೂ ಅವನ ಸಾರಥಿ ಶಲ್ಯನಿಗೂ ಮಾತಿನ ಜಟಾಪಟಿ ರಂಗೇರುತ್ತಿದ್ದರೆ, ಹೊರಗೆ ಪಾರ್ಕಿಂಗಿನಲ್ಲಿ ನೀವು ನಾಲ್ಕೈದು ಮಂದಿ ಒಂದು ಹೊಸ ಕಾರಿನ ಬಾನೆಟ್ ತೆರೆದು ನಿಂತಿದ್ದಿರಿ. ಚಹಾ ಕುಡಿಯಲೆಂದು ಹೊರಗೆ ಬಂದ ನನ್ನನ್ನು ಹಿಡಿದು ನಿಲ್ಲಿಸಿ ನಿಮ್ಮಲ್ಲೊಬ್ಬರು ಕೇಳಿದಿರಿ: "ಅಂಕಲ್, ಕಾರು ಎಲ್ಲ ಒಳ್ಳೇದುಂಟು. ಆದರೆ ಸಿಗ್ನಲ್ ಬಿಟ್ಟ ಕೂಡಲೇ ಪಿಕಪ್ಪೇ ಇಲ್ಲ. ಒತ್ತಿದರೆ ಒಂದು ಗಳಿಗೆ ಸುಮ್ಮನಿರುತ್ತದೆ, ಮತ್ತೆ ಒಮ್ಮೆಲೇ ಹಾರುತ್ತದೆ. ಇದಕ್ಕೆ ಏನು ಮದ್ದು?"

ಮೂವತ್ತು ವರ್ಷಕ್ಕೂ ಮಿಕ್ಕಿ ವರ್ಕ್‌ಶಾಪಿನ ಗ್ರೀಸಿನಲ್ಲಿ ಕೈ ಅದ್ದಿದವನಾದ್ದರಿಂದ ಇಂಥ ಪ್ರಶ್ನೆ ನನಗೆ ಹೊಸತಲ್ಲ. ಅಂದು ಒಳಗಿನಿಂದ ಚೆಂಡೆಯ ಪೆಟ್ಟು ಬಿದ್ದದ್ದರಿಂದ ಅರ್ಧ ಉತ್ತರ ಕೊಟ್ಟು ಓಡಿದೆ. ಉಳಿದರ್ಧವನ್ನು ಈ ತಿಂಗಳ ಅಂಕಣದಲ್ಲಿ ಬರೆಯುತ್ತೇನೆ. ಕನ್ನಡ ಓದಲು ತಡವರಿಸುವವರು ಅಮ್ಮನಿಂದ ಓದಿಸಿ ಕೇಳಿ. ಅಪ್ಪನಿಂದ ಓದಿಸಬೇಕೇ ಬೇಡವೇ ಎಂಬುದನ್ನು ಲೇಖನ ಮುಗಿದ ಮೇಲೆ ನೀವೇ ತೀರ್ಮಾನಿಸಿ!

ಮೊದಲು ಈ ಟರ್ಬೊ ಎಂದರೇನು ಎಂಬುದನ್ನು ನೋಡೋಣ. ಊರಿನಲ್ಲಿ ನಿಮ್ಮ ಅಜ್ಜಿ ಸೌದೆ ಒಲೆಯ ಮುಂದೆ ಕುಳಿತು ಊದುಕೊಳವೆಯಿಂದ ಬೆಂಕಿ ಊದಿದ್ದನ್ನು ನೋಡಿದ್ದೀರಾ? ಸೌದೆ ಎಷ್ಟು ತುಂಬಿದರೂ ಗಾಳಿ ಇಲ್ಲದಿದ್ದರೆ ಬರೀ ಹೊಗೆ. ಗಾಳಿ ಊದಿದರೆ ಅದೇ ಒಲೆ ಭುಗಿಲೆನ್ನುತ್ತದೆ. ಇಂಜಿನ್ನಿನದೂ ಇದೇ ಕತೆ. ಸಾಧಾರಣ ಇಂಜಿನ್ ತನಗೆ ಬೇಕಾದ ಗಾಳಿಯನ್ನು ತಾನೇ ಎಳೆದುಕೊಳ್ಳುತ್ತದೆ. ಟರ್ಬೊ ಇರುವ ಇಂಜಿನ್ನಿಗೆ ಒಂದು ಪುಟ್ಟ ಫ್ಯಾನು ಗಾಳಿಯನ್ನು ಒತ್ತಿ ತುಂಬಿಸಿ ಕೊಡುತ್ತದೆ. ಆ ಫ್ಯಾನನ್ನು ತಿರುಗಿಸುವವರು ಯಾರು? ಸೈಲೆನ್ಸರಿನ ಕಡೆಗೆ ಹೊರಟ ಬಿಸಿ ಹೊಗೆಯೇ. ಹೊಗೆಯ ದಾರಿಯಲ್ಲಿ ಒಂದು ಚಕ್ರ, ಗಾಳಿಯ ದಾರಿಯಲ್ಲಿ ಇನ್ನೊಂದು ಚಕ್ರ, ಎರಡಕ್ಕೂ ಒಂದೇ ಸರಳು. ಹೊಗೆ ಅದನ್ನು ನೂಕಿದರೆ ಇದು ತಿರುಗುತ್ತದೆ. ಸಣ್ಣ ಕಾರುಗಳ ಟರ್ಬೊ ಜೋರಿನಲ್ಲಿದ್ದಾಗ ನಿಮಿಷಕ್ಕೆ ಎರಡು ಲಕ್ಷದ ಆಸುಪಾಸು ಸುತ್ತು ತಿರುಗುತ್ತದೆ ಎಂದರೆ ನಂಬಲು ಕಷ್ಟ, ಆದರೆ ನಿಜ.

ಇಲ್ಲಿಯೇ ತೊಡಕೂ ಇರುವುದು. ಬೆಂಕಿ ಜೋರಾಗಲು ಗಾಳಿ ಬೇಕು. ಗಾಳಿ ಬರಬೇಕಾದರೆ ಬೆಂಕಿ ಮೊದಲೇ ಸ್ವಲ್ಪ ಜೋರಾಗಿರಬೇಕು. ನೀವು ಆಕ್ಸಿಲರೇಟರ್ ಒತ್ತಿದ ಕ್ಷಣಕ್ಕೂ ಆ ಚಕ್ರ ವೇಗ ಹಿಡಿದು ಗಾಳಿ ತುಂಬಿಸುವ ಕ್ಷಣಕ್ಕೂ ನಡುವೆ ಒಂದು ಬಿಡುವು ಬಿದ್ದೇ ಬೀಳುತ್ತದೆ. ಈ ಬಿಡುವನ್ನೇ ಟರ್ಬೊ ಲ್ಯಾಗ್ ಎನ್ನುತ್ತಾರೆ.

ಇದು ನಿನ್ನೆ ಮೊನ್ನೆಯ ಕಾಯಿಲೆಯಲ್ಲ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಕಿ ಎಂಬ ಇಂಜಿನಿಯರ್ 1905ರಲ್ಲೇ ಹೊಗೆಯ ಬಲದಿಂದ ಗಾಳಿ ತುಂಬಿಸುವ ಉಪಾಯಕ್ಕೆ ಪೇಟೆಂಟ್ ಪಡೆದಿದ್ದ. ಮೊದಲು ಅದು ಹಡಗು ವಿಮಾನಗಳಿಗೆ ಹೋಯಿತು. ಮಾರಾಟದ ಕಾರಿಗೆ ಬಂದದ್ದು 1962ರಲ್ಲಿ, ಅಮೆರಿಕದ ಓಲ್ಡ್ಸ್‌ಮೊಬೈಲ್ ಮತ್ತು ಶೆವರ್ಲೆ ಕಾರುಗಳಲ್ಲಿ. ಫಾರ್ಮುಲಾ ವನ್ ರೇಸಿಗೆ 1977ರಲ್ಲಿ ರೆನೋ ಕಂಪೆನಿ ಮೊದಲ ಟರ್ಬೊ ಕಾರು ತಂದಾಗ, ತಿರುವು ಮುಗಿದ ಮೇಲೆ ಬೇಕಾದ ವೇಗಕ್ಕೆ ತಿರುವಿನ ನಡುವೆಯೇ ಪೆಡಲ್ ಒತ್ತಿ ಕಾಯುವುದನ್ನು ಚಾಲಕರು ಕಲಿಯಬೇಕಾಯಿತು. ಹೊಗೆಯುಗುಳಿ ನಿಲ್ಲುತ್ತಿದ್ದ ಆ ಹಳದಿ ಕಾರನ್ನು ಬೇರೆಯವರು ಚಹಾದ ಕೆಟ್ಲು ಎಂದು ಗೇಲಿ ಮಾಡಿದರು. 1979ರಲ್ಲಿ ಫ್ರಾನ್ಸಿನ ರೇಸಿನಲ್ಲಿ ಅದು ಗೆದ್ದ ಮೇಲೆ ಗೇಲಿ ನಿಂತಿತು.

ರೇಸಿನ ಕಾರಿಗಾದರೆ ಸರಿ, ಅಮ್ಮನನ್ನು ಮಾತುಂಗದ ಮಾರ್ಕೆಟ್ಟಿಗೆ ಕರೆದೊಯ್ಯುವ ಕಾರಿಗೆ ಇದು ಯಾಕೆ ಎಂದು ಕೇಳುತ್ತೀರಿ. ಒಂದು ಕಾರಣ ಸುಂಕ. 2006ರ ಕೇಂದ್ರ ಬಜೆಟ್ಟಿನಲ್ಲಿ 4 ಮೀಟರಿನೊಳಗಿನ, ಪೆಟ್ರೋಲಾದರೆ 1200 ಸಿಸಿ, ಡೀಸೆಲಾದರೆ 1500 ಸಿಸಿ ಮೀರದ ಕಾರುಗಳ ಅಬಕಾರಿ ಸುಂಕವನ್ನು ಶೇಕಡಾ 24ರಿಂದ 16ಕ್ಕೆ ಇಳಿಸಿದರು. ಅದೇ ಗೆರೆ ಇಂದಿಗೂ ಉಂಟು. 2025ರ ಸೆಪ್ಟೆಂಬರಿನ ಜಿಎಸ್‌ಟಿ ಬದಲಾವಣೆಯಲ್ಲಿ ಗೆರೆಯೊಳಗಿನವಕ್ಕೆ ಶೇಕಡಾ 18, ಹೊರಗಿನವಕ್ಕೆ 40. ಹೀಗಾಗಿ ಇಂಜಿನ್ ಸಣ್ಣದಾಗಬೇಕು, ಶಕ್ತಿ ಮಾತ್ರ ಕಡಿಮೆಯಾಗಬಾರದು. ಡಿಕ್ಕಿಯ ಕಾರು ಬೇಕೆನ್ನುವ ನಮ್ಮವರಿಗಾಗಿ 2012ರಲ್ಲಿ ಡಿಜೈರಿನ ಬಾಲವನ್ನೇ ಕತ್ತರಿಸಿ 4 ಮೀಟರಿನೊಳಗೆ ತಂದದ್ದು ನಿಮಗೆ ಗೊತ್ತಿರಬಹುದು. ಇನ್ನೊಂದು ಕಾರಣ, 2017ರಿಂದ ಕಂಪೆನಿಗಳ ಮೇಲೆ ಬಂದ ಇಂಧನ ಖರ್ಚಿನ ಕಟ್ಟುನಿಟ್ಟು. ಅದರಿಂದ ಉದ್ದದ ಸೆಡಾನುಗಳಿಗೂ ಒಂದು ಲೀಟರಿನ ಟರ್ಬೊ ಬಂತು.

ನಮ್ಮ ಮುಂಬಯಿ ಮನೆಗಳಿಗೆ ಟರ್ಬೊ ಹೊಕ್ಕದ್ದು ಹೆಚ್ಚಾಗಿ ಡೀಸೆಲ್ ಬಾಗಿಲಿನಿಂದ. ಫಿಯಟ್ ಮೂಲದ 1248 ಸಿಸಿಯ ಆ ಡೀಸೆಲ್ ಇಂಜಿನ್ ಸ್ವಿಫ್ಟ್, ಡಿಜೈರ್, ಮಾಂಜಾ, ಲೀನಿಯಾ ಎಂದು ಹತ್ತಾರು ಕಾರುಗಳಲ್ಲಿ ಕುಳಿತು ದೇಶವೆಲ್ಲ ಓಡಿತು. ನಮ್ಮ ಬಿಡದಿಯಲ್ಲಿ ತಯಾರಾಗಿ 2010ರ ಕೊನೆಗೆ ಬಂದ ಎಟಿಯೋಸಿನ ಡೀಸೆಲ್ ಮಾದರಿಗೂ ಟರ್ಬೊ ಇತ್ತು. ವಿಮಾನ ನಿಲ್ದಾಣದ ಟೂರಿಸ್ಟ್ ಟ್ಯಾಕ್ಸಿಗಳಲ್ಲಿ ನೀವು ಎಷ್ಟು ಬಾರಿ ಅದರಲ್ಲಿ ಕುಳಿತಿದ್ದೀರೋ. 2020ರ ಏಪ್ರಿಲಿನಲ್ಲಿ ಬಿಎಸ್ 6 ನಿಯಮ ಬಂದ ಮೇಲೆ ಸಣ್ಣ ಡೀಸೆಲ್‌ಗಳು ಒಂದೊಂದಾಗಿ ಮರೆಯಾದವು, ಆ ಜಾಗಕ್ಕೆ ಟರ್ಬೊ ಪೆಟ್ರೋಲ್ ಬಂತು.

ಈಗ ಸ್ವಲ್ಪ ಲೆಕ್ಕ, ಬೇಸರ ಮಾಡಬೇಡಿ. ಇಂಜಿನ್ನಿನ ಎಳೆಯುವ ಬಲವನ್ನು ನ್ಯೂಟನ್ ಮೀಟರಿನಲ್ಲಿ ಅಳೆಯುತ್ತಾರೆ. ಟರ್ಬೊ ಇಲ್ಲದ ಒಂದೂವರೆ ಲೀಟರಿನ ಹೋಂಡಾ ಸಿಟಿಯ ಬಲ 145, ಅದೂ 4300 ಸುತ್ತಿನಲ್ಲಿ. ಒಂದೇ ಲೀಟರಿನ ಟರ್ಬೊ ಇರುವ ಸ್ಕೋಡಾ ಸ್ಲಾವಿಯಾದ ಬಲ 178, ಅದೂ 1750 ಸುತ್ತಿಗೇ. ಕಾಗದದ ಮೇಲೆ ಟರ್ಬೊ ಗೆದ್ದಿತು. ಆದರೆ 1750ರ ಕೆಳಗೆ ಏನಾಗುತ್ತದೆ? ಗಾಳಿ ತುಂಬುವವರಿಲ್ಲದಿದ್ದರೆ ಅದು ಬರೀ ಒಂದು ಲೀಟರಿನ ಇಂಜಿನ್. ವ್ಯಾಗನ್ ಆರ್‌ನಂಥ ಹಗುರ ಕಾರಿಗೆ ಸಾಕಾಗುವ ಒಂದು ಲೀಟರು, ಸುಮಾರು 1200 ಕಿಲೋ ತೂಕದ ಸೆಡಾನನ್ನು, ಅದರಲ್ಲಿ ಐದು ಜನ, ಏಸಿ, ಡಿಕ್ಕಿ ತುಂಬ ಸಾಮಾನು ಎಲ್ಲವನ್ನೂ ಎಳೆಯಬೇಕು. ಮೇಲಿನ ಹತ್ತು ಸೆಕೆಂಡು ಕುದುರೆ, ಮೊದಲ ಎರಡು ಸೆಕೆಂಡು ಕತ್ತೆ.

ನೀವು "ಲ್ಯಾಗ್" ಎಂದು ಒಂದೇ ಹೆಸರಿನಿಂದ ಬೈಯುವುದರಲ್ಲಿ ನಿಜವಾಗಿ ಎರಡು ಸಂಗತಿ ಇವೆ, ಇದನ್ನು ಬಿಡಿಸಿ ನೋಡದಿದ್ದರೆ ಮದ್ದು ಸಿಗದು. ಒಂದು, ಟರ್ಬೊ ಕೆಲಸ ಮಾಡುವಷ್ಟು ಸುತ್ತಿನಲ್ಲಿ ಇಂಜಿನ್ ಇದ್ದೂ, ಒತ್ತಿದ ಮೇಲೆ ಚಕ್ರ ವೇಗ ಹಿಡಿಯಲು ಬೇಕಾಗುವ ಸಣ್ಣ ಹೊತ್ತು. ಇದು ಈಗಿನ ಕಾರುಗಳಲ್ಲಿ ಬಹಳ ಕಡಿಮೆಯಾಗಿದೆ. ಎರಡು, ಇಂಜಿನ್ ಆ ಸುತ್ತಿಗೇ ತಲುಪಿಲ್ಲದಿರುವುದು. ಇಲ್ಲಿ ಹೊಗೆಯೇ ಸಾಲದು. ಎಷ್ಟು ಒತ್ತಿದರೂ ಸುತ್ತು ಮೇಲೇರುವ ತನಕ ಏನೂ ಸಿಗುವುದಿಲ್ಲ. ಮುಂಬಯಿಯಲ್ಲಿ ನನ್ನ ಹತ್ತಿರ ಬರುವ ದೂರುಗಳಲ್ಲಿ ಹತ್ತಕ್ಕೆ ಎಂಟು ಈ ಎರಡನೆಯ ಜಾತಿಯವು. ಅಂದರೆ ಕಾಯಿಲೆ ಟರ್ಬೊದಲ್ಲಿಲ್ಲ, ಗೇರಿನಲ್ಲಿದೆ.

ಇದು ನನಗೆ ಅರ್ಥವಾದದ್ದು ಪುಸ್ತಕದಿಂದಲ್ಲ. ಆ ಕತೆ ಹೇಳಲೇಬೇಕು.

2019ರ ಮೇ ತಿಂಗಳು. ಕುಂದಾಪುರದಲ್ಲಿ ಮನೆಯ ಮದುವೆ. ರೈಲಿನ ಟಿಕೇಟು ಸಿಗದೆ ನಾವು ಕಾರಿನಲ್ಲಿ ಹೊರಟೆವು. ಅಣ್ಣಯ್ಯನ ಮಗ ಸ್ಟಿಯರಿಂಗಿನಲ್ಲಿ, ಪಕ್ಕದಲ್ಲಿ ಅಣ್ಣಯ್ಯ, ಹಿಂದೆ ಅತ್ತಿಗೆ ಮತ್ತು ನಾನು. ಕಾರು ಟರ್ಬೊ ಡೀಸೆಲ್ ಸೆಡಾನ್. ಕಂಪೆನಿಯ ಹೆಸರು ಬೇಡ, ತಪ್ಪು ಕಾರಿನದಲ್ಲ. ಪೊಲಾದಪುರ ದಾಟಿ ಕಶೇಡಿ ಘಾಟಿ ಹತ್ತಿ ಇಳಿದೆವು. ಆಗ ಅಲ್ಲಿ ಸುರಂಗ ಇನ್ನೂ ತೆರೆದಿರಲಿಲ್ಲ, ಅದರ ಒಂದು ಕೊಳವೆ ವಾಹನಗಳಿಗೆ ತೆರೆದದ್ದು 2023ರಲ್ಲಿ. ಸಂಗಮೇಶ್ವರ ದಾಟಿದ ಮೇಲೆ ಚತುಷ್ಪಥದ ಕೆಲಸ ಅರೆಬರೆಯಾಗಿ, ಹೋಗುವವರಿಗೂ ಬರುವವರಿಗೂ ಒಂದೇ ರಸ್ತೆ. ಮುಂದೆ ಮುರಕಲ್ಲು ಹೇರಿದ ಲಾರಿಯೊಂದು ಏದುಸಿರು ಬಿಡುತ್ತಿತ್ತು. ನಾವು ಹತ್ತು ನಿಮಿಷ ಅದರ ಹಿಂದೆ ಧೂಳು ಕುಡಿದೆವು.

ಸ್ವಲ್ಪ ನೇರ ರಸ್ತೆ ಕಂಡಿತು. ಹುಡುಗ ಹಾರ್ನ್ ಹೊಡೆದು ಬಲಕ್ಕೆ ತೆಗೆದು ಪೂರ್ತಿ ಒತ್ತಿದ. ಕಾರು ಓಡಲಿಲ್ಲ. ಗುರ್ರ್ ಎಂದು ಒಮ್ಮೆ ನಡುಗಿ, ಲಾರಿಯ ಹಿಂದಿನ ಚಕ್ರದ ಪಕ್ಕದಲ್ಲಿ ಅದರದ್ದೇ ವೇಗದಲ್ಲಿ ತೇಲಿಕೊಂಡು ನಿಂತಿತು. ಎದುರಿನ ತಿರುವಿನಿಂದ ಎಸ್‌ಟಿ ಬಸ್ಸು ಮೂತಿ ತೋರಿಸಿತು. ಅತ್ತಿಗೆ ನನ್ನ ಮೊಣಕೈ ಹಿಡಿದ ಹಿಡಿತ ನನಗೆ ಇಂದಿಗೂ ನೆನಪಿದೆ.

ನಮ್ಮ ವೇಗ ಗಂಟೆಗೆ 45 ಕಿಲೋಮೀಟರ್, ಬಸ್ಸಿನದು 60 ಇದ್ದೀತು. ಎರಡೂ ಸೇರಿದರೆ ಸೆಕೆಂಡಿಗೆ 29 ಮೀಟರ್. ಟರ್ಬೊ ಏಳಲು ಎರಡು ಸೆಕೆಂಡು ಕಾದರೆ 58 ಮೀಟರ್ ರಸ್ತೆ ಮಾಯ. ಈ ಲೆಕ್ಕವನ್ನೆಲ್ಲ ನಾನು ಹಾಕಿದ್ದು ಆಮೇಲೆ, ಚಹಾ ಅಂಗಡಿಯಲ್ಲಿ ಕುಳಿತು. ಆ ಹೊತ್ತಿಗೆ ನನ್ನ ಬಾಯಲ್ಲಿ ನೀರೂ ಇರಲಿಲ್ಲ. ಅಣ್ಣಯ್ಯ ಮಾತ್ರ ದನಿ ಎತ್ತದೆ ಹೇಳಿದ: "ಬ್ರೇಕ್ ಹಾಕ್ ಮಗಾ. ಹಿಂದ್ ಬಾ." ಹುಡುಗ ಬ್ರೇಕ್ ಹಾಕಿದ, ಲಾರಿ ಮುಂದೆ ಹೋಯಿತು, ನಾವು ಅದರ ಹಿಂದೆ ಸೇರಿಕೊಂಡೆವು, ಬಸ್ಸು ಹಾರ್ನ್ ಹೊಡೆಯುತ್ತ ದಾಟಿತು. ಅಷ್ಟೇ. ಯಾರಿಗೂ ಏನೂ ಆಗಲಿಲ್ಲ. ಶಲ್ಯನ ಹಾಗೆ ಚುಚ್ಚದೆ, ಸರಿಯಾದ ಹೊತ್ತಿಗೆ ಸರಿಯಾದ ಎರಡು ಮಾತು ಹೇಳುವವರು ಪಕ್ಕದಲ್ಲಿದ್ದದ್ದು ನಮ್ಮ ಪುಣ್ಯ.

ಮುಂದೆ ಹಾತಖಂಬಾದ ಹತ್ತಿರ ಚಹಾಕ್ಕೆ ನಿಲ್ಲಿಸಿದೆವು. ಹುಡುಗನ ಕೈ ಇನ್ನೂ ನಡುಗುತ್ತಿತ್ತು. "ಈ ಕಾರಿಗೆ ಪಿಕಪ್ಪೇ ಇಲ್ಲ ಚಿಕ್ಕಪ್ಪ, ಶೋರೂಮಿನವ ಟೋಪಿ ಹಾಕಿದ" ಎಂದ.

ಅಣ್ಣಯ್ಯ ಬಶಿಗೆ ಚಹಾ ಸುರಿದುಕೊಳ್ಳುತ್ತ ಕೇಳಿದ, "ಎಷ್ಟನೇ ಗೇರಲ್ಲಿದ್ದೆ?"

"ನಾಲ್ಕು."

"ಎಂತಕ್ಕೆ ನಾಲ್ಕು?"

"ನೀವೇ ಹೇಳಿಕೊಟ್ಟದ್ದಲ್ವಾ ಅಪ್ಪ? ನಲ್ವತ್ತಕ್ಕೆ ನಾಲ್ಕು."

ಅಣ್ಣಯ್ಯ ಬಶಿ ಎತ್ತಲಿಲ್ಲ.

ನಮ್ಮ ಮನೆಯ ಆ ಪಾಠದ ಹಿನ್ನೆಲೆ ನಿಮಗೆ ಹೇಳಬೇಕು. 1966ರಲ್ಲಿ ಮುಂಬಯಿಗೆ ಬಂದು, ಹೋಟೆಲಿನಲ್ಲಿ ಕಪ್ಪು ತೊಳೆದು, ಮುಂದೆ ಸ್ವಂತದ್ದೊಂದು ಕ್ಯಾಂಟೀನು ನಡೆಸಿದ ಅಣ್ಣಯ್ಯ 1986ರಲ್ಲಿ ಹಳೆಯ ಪ್ರೀಮಿಯರ್ ಪದ್ಮಿನಿಯೊಂದನ್ನು ಕೊಂಡ. ನಿಮಗೆ ಅದು ಕಾಲಿ-ಪೀಲಿ ಟ್ಯಾಕ್ಸಿಯಾಗಿ ಗೊತ್ತು. ಆ ಟ್ಯಾಕ್ಸಿಗಳ ಕಾಲವೂ 2023ರ ಅಕ್ಟೋಬರಿಗೆ ಮುಗಿಯಿತು. 1089 ಸಿಸಿಯ ಇಂಜಿನ್, ಸ್ಟಿಯರಿಂಗಿನ ಪಕ್ಕದಲ್ಲಿ ಗೇರಿನ ಕೋಲು. ಟರ್ಬೊ ಗಿರ್ಬೊ ಏನಿಲ್ಲ. ಶಕ್ತಿ ಕಡಿಮೆಯಾದರೂ ಒತ್ತಿದ ಕೂಡಲೇ ಇದ್ದಷ್ಟನ್ನು ಕೊಡುವ ಪ್ರಾಣಿ. ಮೂರನೆಯದಾಗಲಿ ನಾಲ್ಕನೆಯದಾಗಲಿ, ನಿಧಾನವಾಗಿಯಾದರೂ ಗೊಣಗದೆ ಎಳೆಯುತ್ತಿತ್ತು. ಪೆಟ್ರೋಲಿಗೆ ಕಾಸು ಎಣಿಸುತ್ತಿದ್ದ ಆ ದಿನಗಳಲ್ಲಿ ಅಣ್ಣಯ್ಯ ತನಗಾಗಿ ಒಂದು ಸೂತ್ರ ಮಾಡಿಕೊಂಡಿದ್ದ: ಹತ್ತಕ್ಕೆ ಎರಡು, ಇಪ್ಪತ್ತೈದಕ್ಕೆ ಮೂರು, ನಲ್ವತ್ತಕ್ಕೆ ನಾಲ್ಕು. ಇಂಜಿನ್ ಕೂಗಬಾರದು, ಕೂಗಿದರೆ ಪೆಟ್ರೋಲು ಕುಡಿಯುತ್ತದೆ. 2003ರಲ್ಲಿ ಮಗನಿಗೆ ಹದಿನೆಂಟು ತುಂಬಿದಾಗ ಅದೇ ಕಾರಿನಲ್ಲಿ, ಅದೇ ಸೂತ್ರವನ್ನು ಬಾಯಿಪಾಠ ಮಾಡಿಸಿ ಕಲಿಸಿದ. ಆ ಮೇಲೆ ಪದ್ಮಿನಿ ಗುಜರಿಗೆ ಹೋಯಿತು. ಕುರ್ಲಾದ ಕಾರ್ಖಾನೆಯಲ್ಲಿ ಹುಟ್ಟಿದ ಕಾರು ಕುರ್ಲಾದ ಗುಜರಿಯಲ್ಲೇ ಮುಗಿಯಿತು. ಪಾಠ ಮಾತ್ರ ಉಳಿಯಿತು.

ಪದ್ಮಿನಿಗೆ ಅಪ್ಪಟ ಸತ್ಯವಾದ ಆ ಪಾಠ ಟರ್ಬೊಗೆ ಅಪ್ಪಟ ಸುಳ್ಳು. ಆ ಡೀಸೆಲ್ ಇಂಜಿನ್ನಿನ ಪೂರ್ತಿ ಬಲ ಬರುವುದು 2000 ಸುತ್ತಿಗೆ. 45ರ ವೇಗದಲ್ಲಿ ನಾಲ್ಕನೇ ಗೇರಿನಲ್ಲಿದ್ದರೆ ಇಂಜಿನ್ 1400ರ ಆಸುಪಾಸು ತಿರುಗುತ್ತಿರುತ್ತದೆ, ಟರ್ಬೊ ಗಾಢ ನಿದ್ರೆಯಲ್ಲಿ. ಅದೇ ವೇಗದಲ್ಲಿ ಮೂರಕ್ಕೆ ಇಳಿಸಿದ್ದರೆ 2000 ದಾಟುತ್ತಿತ್ತು, ಲಾರಿ ಹಿಂದೆ ಉಳಿಯುತ್ತಿತ್ತು. ನಾನು ಇದನ್ನು ಕಾಗದದ ಮೇಲೆ ಬರೆದು ತೋರಿಸಿದೆ. ಹುಡುಗನಿಗೆ ಸಮಾಧಾನವಾಯಿತು. ಅಣ್ಣಯ್ಯನಿಗೆ ಆಗಲಿಲ್ಲ. ಗೋವಾ ಗಡಿ ಬರುವ ತನಕ ಅವನು ಒಂದು ಮಾತೂ ಆಡಲಿಲ್ಲ. ನಾನು ಕಲಿಸಿದ್ದರಿಂದಲೇ ಇವನು ಹೋಗುತ್ತಿದ್ದನಲ್ಲ ಎಂಬುದು ಅವನ ಮುಖದಲ್ಲಿ ಕಾಣುತ್ತಿತ್ತು. ಮೆಕ್ಯಾನಿಕ್ ಚಿಕ್ಕಪ್ಪನಾದ ನಾನು ಇಷ್ಟು ವರ್ಷ ಅದೇ ಕಾರಿನ ಹಿಂದಿನ ಸೀಟಿನಲ್ಲಿ ಕುಳಿತು ಇದನ್ನು ಗಮನಿಸದೆ ಇದ್ದದ್ದಕ್ಕೆ ನನಗೂ ನಾಚಿಕೆಯಿತ್ತು.

ನಿಮ್ಮಲ್ಲಿ ಬಹಳ ಮಂದಿಗೆ ಡ್ರೈವಿಂಗ್ ಕಲಿಸಿದವರು ಅಪ್ಪನೋ ಮಾವನೋ ಆಗಿರುತ್ತಾರೆ. ಅವರು ಕಲಿತದ್ದು ಪದ್ಮಿನಿಯಲ್ಲಿ, ಮಾರುತಿ 800ರಲ್ಲಿ, ಎಸ್ಟೀಮಿನಲ್ಲಿ. ಬೇಗ ಬೇಗ ಮೇಲಿನ ಗೇರಿಗೆ ಹಾಕು ಎಂಬ ಬುದ್ಧಿವಾದ ನಿಮ್ಮ ಎಡಗೈಯಲ್ಲೇ ಉಂಟು. ಅದನ್ನು ಬಿಡಿಸಿಕೊಳ್ಳುವುದೇ ಟರ್ಬೊ ಜತೆಗಿನ ಸಂಸಾರದ ಮುಖ್ಯ ಗುಟ್ಟು. ಸ್ಪೀಡಿನ ಮುಳ್ಳು ನೋಡಿ ಗೇರು ಹಾಕಬೇಡಿ, ಪಕ್ಕದ ಆರ್‌ಪಿಎಂ ಮುಳ್ಳು ನೋಡಿ ಹಾಕಿ. ನಿಮ್ಮ ಕಾರಿನ ಪುಸ್ತಕದಲ್ಲಿ ಪೂರ್ತಿ ಬಲ ಎಷ್ಟು ಸುತ್ತಿಗೆ ಎಂದು ಬರೆದಿರುತ್ತದೆ, ಆ ಒಂದು ಅಂಕಿಯನ್ನು ನೆನಪಿಟ್ಟುಕೊಳ್ಳಿ. ಸಮತಟ್ಟಾದ ರಸ್ತೆಯಲ್ಲಿ ಆರಾಮವಾಗಿ ಹೋಗುವಾಗ ಅದರ ಕೆಳಗಿದ್ದರೆ ತೊಂದರೆಯಿಲ್ಲ, ಮೈಲೇಜೂ ಸಿಗುತ್ತದೆ. ಜಾಗ ಬದಲಿಸುವಾಗ, ಹೈವೇಗೆ ಸೇರುವಾಗ, ಯಾರನ್ನಾದರೂ ದಾಟುವಾಗ ಮಾತ್ರ ಮುಳ್ಳು ಆ ಅಂಕಿಯ ಮೇಲೆ ಬಂದ ನಂತರವೇ ಹೊರಡಿ. ಗೇರು ಇಳಿಸುವುದು ಮೊದಲು, ಬಲಕ್ಕೆ ತೆಗೆಯುವುದು ಆಮೇಲೆ. ನಮ್ಮ ಹುಡುಗ ಮಾಡಿದ್ದು ತಿರುಗಾಮುರುಗಾ.

ಮುಂಬಯಿಯಲ್ಲಿ ಈ ಕಾಯಿಲೆ ಕಾಡುವ ಜಾಗಗಳು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಹೊಸ ಟವರುಗಳ ಪೋಡಿಯಂ ಪಾರ್ಕಿಂಗಿಗೆ ಹತ್ತುವ ರ‍್ಯಾಂಪ್ ಎಲ್ಲಕ್ಕಿಂತ ಕೆಟ್ಟದ್ದು: ತಿರುವೂ ಹೌದು, ಏರೂ ಹೌದು, ಕೆಳಗೆ ವೇಗ ತೆಗೆದುಕೊಳ್ಳಲು ಜಾಗವೂ ಇಲ್ಲ. ಎರಡನೇ ಗೇರಿನಲ್ಲಿ ಹತ್ತಲು ಹೋದವರ ಕಾರು ನಡುವೆ ಉಸಿರು ಕಟ್ಟಿ ನಿಂತು ಹಿಂದಕ್ಕೆ ಜಾರುತ್ತದೆ, ಹಿಂದೆ ನೆರೆಮನೆಯವರ ಹೊಸ ಕಾರು! ಅಲ್ಲಿ ನಾಚಿಕೆಯಿಲ್ಲದೆ ಮೊದಲನೇ ಗೇರು. ಪೆಡರ್ ರೋಡಿನ ಏರಿನಲ್ಲಿ, ಘೋಡ್‌ಬಂದರ್ ರಸ್ತೆಯ ಗಾಯಮುಖದಲ್ಲಿ ಟ್ರಾಫಿಕ್ ನಿಂತು ನಿಂತು ಹೊರಡುವಾಗಲೂ ಹಾಗೆಯೇ. ಎರಡನೇ ಗೇರಿನಲ್ಲಿ 1100ಕ್ಕೆ ಎಳೆಯುವುದಕ್ಕಿಂತ ಮೊದಲನೆಯದರಲ್ಲಿ 1800 ಒಳ್ಳೆಯದು. ಇಂಜಿನ್ ಸ್ವಲ್ಪ ಕೂಗಲಿ, ಬಿಡಿ.

ಮಳೆಗಾಲದಲ್ಲಿ ಇದರ ಇನ್ನೊಂದು ಮುಖ ಕಾಣುತ್ತದೆ. ತಡೆದ ಬಲ ಒಮ್ಮೆಲೇ ಬರುತ್ತದಲ್ಲ, ಆಗ ನೀವು ತಿರುವಿನಲ್ಲಿದ್ದು ರಸ್ತೆ ಒದ್ದೆಯಾಗಿದ್ದರೆ ಮುಂದಿನ ಚಕ್ರ ಜಾರುತ್ತದೆ. ಏನೂ ಸಿಗಲಿಲ್ಲವೆಂದು ಇನ್ನಷ್ಟು ಒತ್ತಿದವರಿಗೇ ಇದು ಹೆಚ್ಚು. ಅರ್ಧ ಒತ್ತಿ ಕಾಯಿರಿ. ಬಲ ಬಂದಾಗ ಪಾದ ಸ್ವಲ್ಪ ಸಡಿಲಿಸಿ. ಅಟಲ್ ಸೇತುವಿನಂಥ ಉದ್ದ ರಸ್ತೆಯಲ್ಲಿ ಮಾತ್ರ ಈ ಯಾವ ತಾಪತ್ರಯವೂ ಇಲ್ಲ. ಅಲ್ಲಿ ಟರ್ಬೊ ಕಾರಿನಷ್ಟು ಸುಖ ಬೇರೆಯಿಲ್ಲ ಎಂದು ನಾನೂ ಒಪ್ಪುತ್ತೇನೆ.

ಆಟೊಮ್ಯಾಟಿಕ್ ಇರುವವರು ತಮಗಿದು ಸಂಬಂಧವಿಲ್ಲವೆಂದು ಪುಟ ತಿರುಗಿಸಬೇಡಿ. ನಿಮಗೆ ಟರ್ಬೊದ ತಡದ ಮೇಲೆ ಗೇರ್‌ಬಾಕ್ಸಿನ ತಡವೂ ಸೇರುತ್ತದೆ. ಮೈಲೇಜಿಗಾಗಿ ಅದು ಯಾವಾಗಲೂ ಮೇಲಿನ ಗೇರಿನಲ್ಲೇ ಕುಳಿತಿರುತ್ತದೆ (ಅದಕ್ಕೂ ನಮ್ಮ ಅಣ್ಣಯ್ಯನೇ ಪಾಠ ಹೇಳಿರಬೇಕು). ಒತ್ತಿದ ಮೇಲೆ ಯೋಚಿಸಿ, ಗೇರು ಇಳಿಸಿ, ಆಮೇಲೆ ಟರ್ಬೊವನ್ನು ಎಬ್ಬಿಸುತ್ತದೆ. ದಾಟುವ ಮೊದಲು ಸ್ಪೋರ್ಟ್ ಮೋಡಿಗೆ ಹಾಕಿ, ಇಲ್ಲವೇ ಕೈಯಿಂದ ಒಂದು ಗೇರು ಇಳಿಸಿ. ಸಿಗ್ನಲಿನಲ್ಲಿ ತಾನೇ ಬಂದಾಗಿ ತಾನೇ ಶುರುವಾಗುವ ಇಂಜಿನ್ ಇದ್ದರೆ, ಅಡ್ಡರಸ್ತೆಯಿಂದ ಹೈವೇಗೆ ಸೇರಲು ಕಾಯುವಾಗ ಅದರ ಗುಂಡಿ ಒತ್ತಿ ನಿಲ್ಲಿಸಿಬಿಡಿ. ಮನೆಯಲ್ಲಿ ಎಲೆಕ್ಟ್ರಿಕ್ ಕಾರೂ ಇರುವವರಿಗೆ ಬೇರೆಯೇ ಎಚ್ಚರಿಕೆ. ಅದು ಒತ್ತಿದ ಕ್ಷಣಕ್ಕೆ ಪೂರ್ತಿ ಬಲ ಕೊಡುತ್ತದೆ. ಅದರಿಂದಿಳಿದು ಅಪ್ಪನ ಟರ್ಬೊ ಹತ್ತಿದ ಮೊದಲ ಅರ್ಧ ಗಂಟೆ ಬಹಳ ಅಪಾಯದ್ದು.

ಇನ್ನು ಮದ್ದಿನ ಮಾತು. ಇಂಜಿನ್ನಿನ ಕಂಪ್ಯೂಟರ್ ತಿದ್ದಿ ಲ್ಯಾಗ್ ತೆಗೆಯುತ್ತೇವೆ ಎನ್ನುವವರ ಹತ್ತಿರ ಹೋಗುವ ಮೊದಲು ವಾರಂಟಿಯ ಕಾಗದ ಓದಿ. ಪೆಡಲಿಗೆ ಜೋಡಿಸುವ ಪೆಟ್ಟಿಗೆಗಳು ಟರ್ಬೊವನ್ನು ಮುಟ್ಟುವುದೇ ಇಲ್ಲ. ನೀವು ಕಾಲು ಭಾಗ ಒತ್ತಿದ್ದನ್ನು ಅರ್ಧ ಒತ್ತಿದ್ದೀರೆಂದು ಇಂಜಿನ್ನಿಗೆ ಚಾಡಿ ಹೇಳುತ್ತವೆ, ಅಷ್ಟೇ. ಆದರೆ ಮೊದಲು ಚೆನ್ನಾಗಿದ್ದ ಕಾರಿನಲ್ಲಿ ತಡ ಒಮ್ಮೆಲೇ ಹೆಚ್ಚಾದರೆ ಅದು ಸ್ವಭಾವವಲ್ಲ, ರೋಗ. ಒಮ್ಮೆ ಒಬ್ಬರು ಹೊಸ ಟರ್ಬೊ ಹಾಕಿಸಬೇಕೆಂದು ದೊಡ್ಡ ಎಸ್ಟಿಮೇಟ್ ಹಿಡಿದುಕೊಂಡು ನನ್ನಲ್ಲಿ ಬಂದಿದ್ದರು. ಗಾಳಿ ಹೋಗುವ ರಬ್ಬರ್ ಪೈಪು ಒಂದು ಬದಿಯಲ್ಲಿ ಸೀಳಿತ್ತು; ಒತ್ತಿದಾಗ ಉಸ್ಸೆಂದು ಅಲ್ಲಿಂದ ಗಾಳಿ ಸೋರುತ್ತಿತ್ತು. ಪೈಪು ಬದಲಿಸಿದೆವು, ಕಾರು ಓಡಿತು. ಏರ್ ಫಿಲ್ಟರ್ ಕಟ್ಟಿಕೊಂಡರೂ ಹೀಗಾಗುತ್ತದೆ, ಮೆಟ್ರೋ ಕೆಲಸದ ಧೂಳು ಕುಡಿಯುವ ನಮ್ಮೂರಿನಲ್ಲಿ ಹೇಳಬೇಕೇ. ಆಯಿಲ್ ಮಾತ್ರ ಪುಸ್ತಕದಲ್ಲಿ ಹೇಳಿದ ದರ್ಜೆಯದ್ದೇ ಇರಲಿ, ಹೇಳಿದ ಹೊತ್ತಿಗೇ ಬದಲಾಗಲಿ. ಎರಡು ಲಕ್ಷ ಸುತ್ತಿನ ಆ ಸರಳು ತೇಲುವುದು ಆ ಆಯಿಲಿನ ಮೇಲೆಯೇ. ಘಾಟಿ ಹತ್ತಿ ಬಂದ ಕೂಡಲೇ ಕೀಲಿ ತಿರುಗಿಸಿ ಬಂದ್ ಮಾಡದೆ ಒಂದು ನಿಮಿಷ ಹಾಗೇ ಬಿಡಿ.

ಕಡಿಮೆ ಸುತ್ತಿನಲ್ಲಿ, ಮೇಲಿನ ಗೇರಿನಲ್ಲಿ ಪೂರ್ತಿ ಒತ್ತುವುದು ಉಪಯೋಗವಿಲ್ಲದ್ದು ಮಾತ್ರವಲ್ಲ, ಟರ್ಬೊ ಪೆಟ್ರೋಲಿಗೆ ಹಾನಿಯೂ ಹೌದು. ಅಂಥ ಹೊತ್ತಿನಲ್ಲಿ ಪ್ಲಗ್ಗಿನ ಕಿಡಿ ಬರುವ ಮೊದಲೇ ಪೆಟ್ರೋಲು ಹತ್ತಿಕೊಂಡು ಪಿಸ್ಟನ್ನಿಗೆ ಪೆಟ್ಟು ಬೀಳಬಹುದು. ಅಪ್ಪ ಪೆಟ್ರೋಲು ಉಳಿಸಲೆಂದು ಹೇಳಿದ ಮಾತನ್ನು ಅಕ್ಷರಶಃ ನಡೆಸಿ ಇಂಜಿನ್ನೇ ಬಿಚ್ಚಿಸಬೇಡಿ.

ಕೊನೆಗೆ ಒಂದು ಚಿಕ್ಕ ಪರೀಕ್ಷೆ ಹೇಳುತ್ತೇನೆ. ಮುಂಜಾನೆ ಖಾಲಿಯಿರುವ ನೇರ ರಸ್ತೆಗೆ ಹೋಗಿ. ಗಂಟೆಗೆ 35ರ ವೇಗದಲ್ಲಿ ನಾಲ್ಕನೇ ಗೇರು ಹಾಕಿ, ಹಿಂದೆ ಮುಂದೆ ಯಾರೂ ಇಲ್ಲವೆಂದು ನೋಡಿ, ಮೆಲ್ಲಗೆ ಅರ್ಧ ಒತ್ತಿ. ಪಕ್ಕದಲ್ಲಿ ಕುಳಿತವರು ಬಲ ಬರುವ ತನಕ ಎಣಿಸಲಿ. ಹಾಗೆಯೇ ಮೂರರಲ್ಲಿ, ಎರಡರಲ್ಲಿ. ವೇಗದ ಮಿತಿ ದಾಟುವ ಅಗತ್ಯವೇ ಇಲ್ಲ, ಬಲ ಬಂತೆಂದು ಗೊತ್ತಾದರೆ ಸಾಕು, ಕಾಲು ತೆಗೆಯಿರಿ. ಎಣಿಸುವವರು ಅಪ್ಪನೇ ಆದರೆ ಒಳ್ಳೆಯದು.

2019ರ ಆ ಮದುವೆಯ ಮರುದಿನ ಬೆಳಿಗ್ಗೆ ಐದೂವರೆಗೆ ಅಣ್ಣಯ್ಯನೇ ನಮ್ಮಿಬ್ಬರನ್ನು ಎಬ್ಬಿಸಿದ. ಮರವಂತೆಯ ಕಡೆಗೆ ಹೋದೆವು. ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕಾ ಹೊಳೆ, ನಡುವೆ ಖಾಲಿ ಹೈವೇ. ಮಗ ಒತ್ತಿದ, ಅಪ್ಪ ಎಣಿಸಿದ. ನಾಲ್ಕನೇ ಗೇರಿನಲ್ಲಿ ಐದರ ತನಕ ಎಣಿಕೆ ಹೋಯಿತು. ಮೂರರಲ್ಲಿ ಎರಡು. ಎರಡನೇ ಗೇರಿನಲ್ಲಿ "ಒಂದ್" ಎಂದು ಬಾಯಿ ತೆರೆಯುವಷ್ಟರಲ್ಲಿ ಅಣ್ಣಯ್ಯನ ಬೆನ್ನು ಸೀಟಿಗೆ ಒತ್ತಿತು. ಇನ್ನೊಮ್ಮೆ ಮಾಡು ಎಂದ. ನಾಲ್ಕು ಸಲ ಮಾಡಿಸಿದ. ಆಮೇಲೆ ಕಿಸೆಯಿಂದ ಪೆನ್ನು ತೆಗೆದು, ಮದುವೆಯ ಕಾಗದದ ಹಿಂಬದಿಯಲ್ಲಿ ಐದು, ಎರಡು, ಒಂದು ಎಂದು ಬರೆದು, ಅದನ್ನು ಮಡಚಿ ಕಾರಿನ ಡ್ಯಾಶ್‌ಬೋರ್ಡಿನ ಖಾನೆಯಲ್ಲಿಟ್ಟ. ಹಿಂದೆ ಬರುವಾಗ ಸಂಗಮೇಶ್ವರದ ಹತ್ತಿರ ಮತ್ತೆ ಲಾರಿ ಸಿಕ್ಕಿತು. "ಮೂರು" ಎಂದ ಅಣ್ಣಯ್ಯ. ಮಗ ಅದಾಗಲೇ ಮೂರಕ್ಕೆ ಹಾಕಿದ್ದ.